ಮುಂದೂಡಿದ ಮುಂದೊಗಲು

ಬೆಲ್ಟಿನಿಂದ ಮೇಲಿರುವ ಕಾಯಿಲೆಯನ್ನು ನಮ್ಮ ಗಂಡಸರು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಕೆಳಗಿರುವುದನ್ನು ಡಾಕ್ಟರಿಗೂ ಹೇಳುವುದಿಲ್ಲ. ಕುವೈತಿನ ಫರ್ವಾನಿಯಾದ ಕ್ಲಿನಿಕ್ಕಿನಲ್ಲಿ ಸರ್ಜನ್ ಆಗಿ ಕೂತಿರುವ ನನಗೆ ಆದ್ದರಿಂದಲೇ ಇಂಥ ಪ್ರಸಂಗಗಳಿಗೆ ಬರವಿಲ್ಲ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಮೊದಲು ಮೈ ಉರಿಯುತ್ತದೆ. ನಗು ಬರುವುದು ಮನೆಗೆ ಹೋಗಿ ಶೂ ಬಿಚ್ಚಿದ ಮೇಲೆ.

ವಿಷಯ ಮುಂದೊಗಲು. ಶಿಶ್ನದ ತುದಿಯನ್ನು ಮುಚ್ಚುವ ಚರ್ಮ. ಮುಖ ಸಿಂಡರಿಸುವವರು ಪುಟ ತಿರುಗಿಸಬಹುದು, ಆದರೆ ಓದಬೇಕಾದವರು ಅವರೇ. ಸಲೀಸಾಗಿ ಹಿಂದೆ ಸರಿಯುವ, ದಿನಾ ತೊಳೆಯಲು ಬರುವ ಮುಂದೊಗಲಿನ ಬಗ್ಗೆ ನನ್ನ ತಕರಾರಿಲ್ಲ. ಅದು ಬಿಗಿದುಕೊಂಡು, ಕೀವು ಕಟ್ಟಿ, ಮೂತ್ರಕ್ಕೇ ಅಡ್ಡ ನಿಂತರೂ 'ನೋಡುವ, ನೋಡುವ' ಎಂದು ದಿನ ತಳ್ಳುವ ಗಂಡಸರ ಬಗ್ಗೆ ಇದೆ. ಇಲ್ಲಿ ಬರೆದಿರುವುದೆಲ್ಲ ಅಂಥ ಒಬ್ಬರದೇ ಕಥೆ. ಬರೆಯಲು ಅವರ ಒಪ್ಪಿಗೆ ಇದೆ. "ಬರೀರಿ ಡಾಕ್ಟ್ರೇ, ಹೆಸರು ಮಾತ್ರ ಬೇಡ," ಎಂದಿದ್ದಾರೆ.

ಇನ್ನೊಬ್ಬರ ಪರವಾಗಿ

ಮೊದಲು ಬಂದದ್ದು ಅವರಲ್ಲ. ಗಟ್ಟಿಮುಟ್ಟಾದ ಒಬ್ಬ ಕರಾವಳಿಯ ಯುವಕ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಏನು ತೊಂದರೆ?"

"ನನಗಲ್ಲ ಡಾಕ್ಟ್ರೇ. ನನ್ನ ಭಾವನಿಗೆ. ಅಕ್ಕನ ಗಂಡ. ಒಂದಕ್ಕೆ ಹೋಗುವಾಗ ತುದಿ ಬಲೂನಿನ ಹಾಗೆ ಉಬ್ಬುತ್ತದಂತೆ. ಆಮೇಲೆ ಹನಿ ಹನಿ ಬರುವುದಂತೆ. ಚರ್ಮ ಒಡೆದು ಉರಿ ಬೇರೆ ಉಂಟಂತೆ."

ಈ ಭಾವನನ್ನು ನಾನು ಬಲ್ಲೆ. ಭಾವ, ಫ್ರೆಂಡು, ರೂಮ್‌ಮೇಟು, ಆಫೀಸಿನಲ್ಲಿರುವ ಒಬ್ಬ ಫಿಲಿಪಿನೋ, ಇವರೆಲ್ಲರೂ ವಾಸಿಸುವುದು ಹೇಳುವವನ ಪ್ಯಾಂಟಿನೊಳಗೇ. ಕಳ್ಳಾಟ ಕಂಡರೆ ನನಗಾಗುವುದಿಲ್ಲ.

"ಭಾವನನ್ನು ತೋರಿಸಿ," ಎಂದೆ.

"ಅವರು ಹೊರಗೆ..."

"ಈ ನಾಟಕ ನನ್ನ ಹತ್ತಿರ ಬೇಡ. ಪರದೆಯ ಹಿಂದೆ ಹೋಗಿ, ಪ್ಯಾಂಟು ಬಿಚ್ಚಿ, ಮಲಗಿ. ಯಲ್ಲಾ, ಬೇಗ!"

ನನ್ನ ದನಿಗೆ ಹೆದರಿ ಅವನು ಹೋಗಿ, ಬಿಚ್ಚಿ, ಮಲಗಿದ. ನೋಡಿದೆ. ಪಠ್ಯಪುಸ್ತಕದಲ್ಲಿ 'ಆರೋಗ್ಯವಂತ' ಎಂದು ಬರೆದು ಪಕ್ಕದಲ್ಲಿ ಚಿತ್ರ ಹಾಕಬಹುದಿತ್ತು.

"ಎಲ್ಲ ಸರಿಯಾಗಿಯೇ ಇದೆಯಲ್ಲ!"

"ಅದನ್ನೇ ಅಲ್ವಾ ನಾನು ಹೇಳಿದ್ದು? ಭಾವ ಹೊರಗೆ ಕೂತಿದ್ದಾರೆ. ಒಳಗೆ ಬರಲಿಕ್ಕೆ ನಾಚಿಕೆಯಂತೆ."

"ಮತ್ತೆ ನೀವು ಬಿಚ್ಚಿದ್ದು ಯಾಕೆ?"

"ಭಾವನಿಗೆ ಬಂದರೆ ಭಾವಮೈದುನನಿಗೂ ಹರಡ್ತದಾ ಅಂತ ನೋಡ್ತೀರಿ ಅಂದುಕೊಂಡೆ."

ಮುಂದೆ, ಹಿಂದೆ

ಭಾವಮೈದುನ ಹೊರಗೆ ಹೋಗಿ ಅಸಲಿ ಭಾವನನ್ನು ರಟ್ಟೆ ಹಿಡಿದು ಎಳೆದು ತಂದ. ಅಬು ಹಲೀಫಾದ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ನಲವತ್ತು ದಾಟಿದ ವಯಸ್ಸು, ಜತೆಗೆ ಸಕ್ಕರೆ ಕಾಯಿಲೆ. ಸಾಂಬಾರು ಸ್ವಲ್ಪ ಹಳಸಿದರೂ ಅಡುಗೆಯವನ ತಲೆಮಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುವ ಬಾಯಿ ಅವರದು ಎಂದು ಆಮೇಲೆ ತಿಳಿಯಿತು. ನನ್ನ ಮುಂದೆ ಆ ಬಾಯಿಯಿಂದ ಬಂದದ್ದು ಇಷ್ಟೇ: "ಅದು ಡಾಕ್ಟ್ರೇ... ಅಲ್ಲಿ... ಹಾಗೆ."

"ಯಾವುದು? ಎಲ್ಲಿ? ಹೇಗೆ?"

"ಅದೇ. ಅಲ್ಲೇ."

ಹಿಂದೆ ನಾನು ಇದನ್ನು ಇಂಗ್ಲಿಷಿನಲ್ಲೇ ಕೇಳುತ್ತಿದ್ದೆ. ನಾನು ಓದಿದ್ದೇ ಹಾಗೆ. ಒಮ್ಮೆ ಒಬ್ಬ ಪುಣ್ಯಾತ್ಮ ಫೋರ್‌ಸ್ಕಿನ್ ಎಂಬುದನ್ನು ಲೆಕ್ಕದ ಮಾತೆಂದು ತಿಳಿದು, "ನಾಲ್ಕರಲ್ಲಿ ಎಷ್ಟು ತೆಗೀತೀರಿ ಸಾರ್?" ಎಂದ ಮೇಲೆ ನಿಘಂಟು ತೆರೆದು ಶುದ್ಧ ಕನ್ನಡ ಪದ ಕಲಿತಿದ್ದೆ. ಅದನ್ನು ಈಗ ಸ್ಪಷ್ಟವಾಗಿ ಉಚ್ಚರಿಸಿದೆ.

"ಮುಂದೊಗಲು..."

ಮ್ಯಾನೇಜರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಮುಂದೊಗಲು ಬಿಗಿಯಾಗಿದೆಯೇ?"

ಇನ್ನೂ ಮುಂದೆ ಬಂದರು. ಮೊಣಕಾಲು ನನ್ನ ಮೇಜಿಗೆ ಬಡಿಯಿತು. "ಹೌದು ಡಾಕ್ಟ್ರೇ, ಜಾಗ ಸ್ವಲ್ಪ ಬಿಗಿಯೇ."

"ಹಿಂದಕ್ಕೆ ಸರಿಯುತ್ತದೆಯೇ?"

ಕುರ್ಚಿ ಸಮೇತ ಕರಕರ ಎಂದು ಹಿಂದೆ ಸರಿದರು.

"ಪೂರ್ತಿ ಹಿಂದಕ್ಕೆ ಸರಿಯುತ್ತದೆಯೇ ಎಂದು ಕೇಳುತ್ತಿದ್ದೇನೆ!" ಎಂದು ಗದರಿದೆ.

"ಇನ್ನು ಗೋಡೆ ಉಂಟಲ್ಲ ಡಾಕ್ಟ್ರೇ."

ತಲೆನೋವಿನ ಮದ್ದು

ಪರದೆಯ ಹಿಂದೆ ಅವರು ಬಟ್ಟೆ ಸಡಿಲಿಸಿದ್ದೇ ತಡ, ಕೋಣೆಯೆಲ್ಲ ನೀಲಗಿರಿ ಎಣ್ಣೆ, ಕರ್ಪೂರದ ಘಾಟು. ನನ್ನ ಕಣ್ಣಲ್ಲಿ ನೀರು ಬಂತು. ಗಲ್ಫಿನಿಂದ ಊರಿಗೆ ಹೋಗುವವರೆಲ್ಲ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುವ ಆ ಬಾಮು! ಒಡೆದ ಚರ್ಮಕ್ಕೆ ಅದನ್ನು ಬಳಿದುಕೊಂಡಿದ್ದರು. ಹಚ್ಚಿದ ದಿನ ಹೋಟೆಲಿನ ಐಸ್ ಪೆಟ್ಟಿಗೆಯ ಪಕ್ಕದಿಂದ ಅವರು ಕದಲಲಿಲ್ಲ ಎಂದು ಭಾವಮೈದುನ ಪರದೆಯಾಚೆಯಿಂದ ವರದಿ ಒಪ್ಪಿಸಿದ.

ತೊಗಲು ನಿಜಕ್ಕೂ ಕೆಟ್ಟಿತ್ತು. ತುದಿಯಲ್ಲಿ ಬಿಳಿ ಕಲೆಯ ಉಂಗುರ, ನಡುವೆ ಸೂಜಿಗಣ್ಣಿನಷ್ಟು ದಾರಿ. ನಾನು ಕೈ ತೊಳೆದು ಬಂದು, ದನಿ ತಗ್ಗಿಸಲು ಪ್ರಯತ್ನಪಟ್ಟು, ಸೋತು, ಏರಿದ ದನಿಯಲ್ಲೇ ವಿವರಿಸಿದೆ. ಸಕ್ಕರೆ ಕಾಯಿಲೆ ಹಿಡಿತ ತಪ್ಪಿದವರ ಮೂತ್ರದಲ್ಲಿ ಸಕ್ಕರೆ ಇರುತ್ತದೆ. ಅದು ಈ ಚೀಲದೊಳಗೆ ನಿಂತರೆ ಬೂಷ್ಟಿಗೆ ದಿನವೂ ಮದುವೆ ಊಟ. ಚರ್ಮ ಕೆಂಪಾಗಿ ಬಾತು ಒಡೆಯುತ್ತದೆ. ಒಡೆದದ್ದು ಮಾಯುವಾಗ ಕಲೆ ಕಟ್ಟುತ್ತದೆ. ಕಲೆ ಕಟ್ಟಿದಷ್ಟೂ ಬಿಗಿಯುತ್ತದೆ. ಬಿಗಿದಷ್ಟೂ ತೊಳೆಯಲಾಗದೆ ಮತ್ತೆ ಬಾತುಕೊಳ್ಳುತ್ತದೆ. ಮೂತ್ರದ ದಾರಿ ಮುಚ್ಚುತ್ತ ಬಂದರೆ ಕಿಡ್ನಿಯವರೆಗೂ ಪೆಟ್ಟು. ವರ್ಷಗಟ್ಟಲೆ ಹೀಗೇ ಬಿಟ್ಟರೆ ಒಳಗೇ ಕ್ಯಾನ್ಸರ್ ಹುಟ್ಟುವ ಅಪಾಯವೂ ಇದೆ. ಅಪರೂಪ, ಆದರೆ ಬಂದಾಗ ಬರುವುದು ನಿಮ್ಮಂತೆ ಮುಚ್ಚಿಟ್ಟುಕೊಂಡವರಿಗೇ ಹೆಚ್ಚು. ಆಗ ಬರೀ ತೊಗಲು ತೆಗೆದು ಬಿಡುವ ಹಾಗಿರುವುದಿಲ್ಲ, ಅರ್ಥವಾಯಿತೇ?

ಅವರ ಮುಖ ಇಳಿಯಿತು. ಅರ್ಥವಾಗಿದೆ ಎಂದುಕೊಂಡೆ.

"ಇಷ್ಟೆಲ್ಲ ಇಟ್ಟುಕೊಂಡು ಬಾಮು ಹಚ್ಚುತ್ತೀರಲ್ಲ, ಡಬ್ಬಿಯ ಮೇಲೆ ಏನು ಬರೆದಿದೆ, ಓದಲು ಬರುವುದಿಲ್ಲವೇ? ಅದು ತಲೆನೋವಿನ ಮದ್ದು!"

"ಈಗ ನನಗಿರುವ ದೊಡ್ಡ ತಲೆನೋವು ಇದೇ ಅಲ್ವಾ ಡಾಕ್ಟ್ರೇ?"

ಇಕಾಮಾ

ಮುಲಾಮು ಕೊಟ್ಟು ಕೆಲವು ವಾರ ನೋಡಿದೆ. ಎಳೆಯ ಬಿಗಿತ ಅದಕ್ಕೆ ಬಗ್ಗುತ್ತದೆ. ಇವರದು ಹಳೆಯ ಟೈರಿನಂತಾಗಿತ್ತು, ಬಗ್ಗಲಿಲ್ಲ. "ತೆಗೆಯಲೇಬೇಕು," ಎಂದೆ.

ಅಂದಿನಿಂದ ಶುರುವಾಯಿತು ಮುಂದೂಡಿಕೆ. ರಂಜಾನಿನಲ್ಲಿ ಹೋಟೆಲಿಗೆ ಸಂಜೆ ರಶ್ಶು. ಅದು ಮುಗಿದರೆ ಸಂಘದ ಕ್ರಿಕೆಟ್ಟು, ಇವರೇ ಅಂಪೈರು. ಆಮೇಲೆ ಸೆಕೆ, ಗಾಯ ಮಾಯುವುದಿಲ್ಲವಂತೆ. ಸೆಕೆ ಇಳಿದರೆ ಧೂಳುಗಾಳಿ. ಧೂಳುಗಾಳಿಗೂ ಇವರ ಪ್ಯಾಂಟಿನೊಳಕ್ಕೂ ಏನು ಸಂಬಂಧ ಎಂದು ಕೇಳಿದರೆ ಕಿಟಕಿಯತ್ತ ಕೈ ತೋರಿಸುತ್ತಾರೆ.

ಒಂದು ದಿನ ನೇರವಾಗಿ ಕೇಳಿದೆ: "ನಿಮ್ಮ ಹೆಂಡತಿಗೆ ಇದು ಗೊತ್ತೇ?"

ಅವರು ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು. ಹೆಂಡತಿ ಇರುವುದು ಊರಿನಲ್ಲಿ. ಹತ್ತಿರ ಹೋದರೆ ಪ್ರಾಣ ಹೋಗುವ ನೋವು. ಹಾಗಾಗಿ ಕಳೆದ ರಜೆಯಿಡೀ ಬೆನ್ನುನೋವು ಎಂದು ಹೇಳಿ ಚಾವಡಿಯಲ್ಲಿ ಮಲಗಿದ್ದರು. "ಕುವೈತಿನಲ್ಲಿ ಯಾರೋ ಇದ್ದಾಳೆ ಅಂತ ಅವಳ ತಲೆಯಲ್ಲಿ ಕೂತಿದೆ ಡಾಕ್ಟ್ರೇ. ಈಗ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳ್ತಾಳೆ, ಇಡ್ತಾಳೆ. ಅಷ್ಟೇ."

ಪಕ್ಕದಲ್ಲಿದ್ದ ಭಾವಮೈದುನ ತಲೆ ತಗ್ಗಿಸಿದ. "ಅಕ್ಕ ನನ್ನ ಹತ್ತಿರವೂ ಕೇಳ್ತಾಳೆ, ಯಾರವಳು ಅಂತ. ಹೇಳಬಾರದು ಅಂತ ಭಾವ ಆಣೆ ಹಾಕಿಸಿದ್ದಾರೆ."

ನನಗೆ ತಡೆಯಲಾಗಲಿಲ್ಲ. "ಒಂದು ಬೆರಳಗಲದ ತೊಗಲಿಗಾಗಿ ಸಂಸಾರ ಕಳೆದುಕೊಳ್ಳುತ್ತೀರಾ? ಅವಳಿಗೆ ಮೊದಲು ಹೇಳಿ. ಆಮೇಲೆ ಬಂದು ಮಲಗಿ. ಇನ್ನೇನು ಅಡ್ಡಿ? ಹೇಳಿಬಿಡಿ, ಇವತ್ತೇ ಎಲ್ಲ ಹೇಳಿ ಮುಗಿಸಿ!"

ಅವರು ಸುತ್ತ ನೋಡಿ, ಜೇಬಿನಿಂದ ಇಕಾಮಾ, ಅಂದರೆ ಇಲ್ಲಿ ವಾಸಕ್ಕೆ ಸರ್ಕಾರ ಕೊಡುವ ಪರವಾನಗಿ ಚೀಟಿ, ತೆಗೆದು ಹಿಡಿದು, ದನಿ ತಗ್ಗಿಸಿ, ಇಷ್ಟು ದಿನ ಎದೆಯಲ್ಲಿಟ್ಟುಕೊಂಡದ್ದನ್ನು ಹೊರಗೆ ಹಾಕಿದರು.

"ಇದನ್ನು ತೆಗೆಸಿದ ಮೇಲೆ ಇಕಾಮಾದಲ್ಲಿ ಧರ್ಮ ಬದಲಾಯಿಸಬೇಕಾಗ್ತದಾ ಡಾಕ್ಟ್ರೇ?"

ಇದು ಚರ್ಮದ ಕಾಯಿಲೆ, ದೇವರು ಇದರ ಲೆಕ್ಕ ಇಡುವುದಿಲ್ಲ, ಸರ್ಕಾರವಂತೂ ಬಂದು ನೋಡುವುದಿಲ್ಲ ಎಂದು ನಾನು ಕಿರುಚಿದ್ದು ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳಿಸಿತಂತೆ. ಅದರಲ್ಲಿ ಒಬ್ಬರು ಬಿಪಿ ನೋಡಿಸಲು ಬಂದವರು. ನನ್ನ ದನಿ ಕೇಳಿ, "ಮೊದಲು ಡಾಕ್ಟರದ್ದು ನೋಡಿ, ಆಮೇಲೆ ನನ್ನದು," ಎಂದು ನರ್ಸಿಗೆ ಹೇಳಿದರಂತೆ.

ಬಿಳಿ ನಿಲುವಂಗಿ

ಒಂದು ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲಲ್ಲಿ ಕಾರು ನಿಂತಿತು. ಗರಿಗರಿಯಾಗಿ ಇಸ್ತ್ರಿ ಮಾಡಿದ, ಪಾದ ಮುಟ್ಟುವ ಬಿಳಿ ದಿಶ್ದಾಶಾ ತೊಟ್ಟ ಒಬ್ಬರು ಕಾಲು ಅಗಲಿಸಿಕೊಂಡು ಇಳಿದರು. ಯಾರೋ ದೊಡ್ಡ ಅರಬ್ಬಿ ಯಜಮಾನರೆಂದು ಸೆಕ್ಯುರಿಟಿಯವನು ಓಡಿಹೋಗಿ ಬಾಗಿಲು ಹಿಡಿದ. ರಿಸೆಪ್ಷನ್ನಿನ ಹುಡುಗಿ ಎದ್ದು ನಿಂತು ಅರಬ್ಬಿಯಲ್ಲಿ ಸ್ವಾಗತ ಕೋರಿ, ಸರದಿಯಲ್ಲಿದ್ದವರನ್ನೆಲ್ಲ ದಾಟಿಸಿ, ಒಳ್ಳೆಯ ಸೋಫಾ ತೋರಿಸಿದಳು.

"ಕೂರಲಿಕ್ಕೆ ಆಗುವುದಿಲ್ಲ ಮಾರಾಯ್ತಿ!" ಎಂದು ಯಜಮಾನರು ಅಚ್ಚ ಕನ್ನಡದಲ್ಲಿ ಗೋಳಾಡಿದರು.

ನಮ್ಮ ಮ್ಯಾನೇಜರೇ. ಕತ್ತರಿ ಬೇಡ, ಕೈಯಿಂದಲೇ ಸರಿಮಾಡುವ ಎಂದು ಸ್ನಾನದ ಮನೆಯಲ್ಲಿ ಬಲ ಹಾಕಿ ತೊಗಲನ್ನು ಹಿಂದಕ್ಕೆ ಎಳೆದಿದ್ದಾರೆ. ಹಿಂದೆ ಹೋದದ್ದು ಮುಂದೆ ಬಂದಿಲ್ಲ. ಬಿಗಿದ ಉಂಗುರ ಕುತ್ತಿಗೆಗೆ ಹಗ್ಗ ಬಿಗಿದಂತೆ ಕೂತು, ತುದಿ ಬಾತು ನೀಲಿಯಾಗುತ್ತಿತ್ತು. ಇನ್ನಷ್ಟು ತಡವಾಗಿದ್ದರೆ ರಕ್ತ ಓಡದೆ ತುದಿಯೇ ಕೊಳೆಯುತ್ತಿತ್ತು. ಪ್ಯಾಂಟು ಹಾಕಲಾಗದೆ, ಪಂಚೆ ಸಿಗದೆ, ಹೋಟೆಲಿನ ಪಕ್ಕದ ಲಾಂಡ್ರಿಯಿಂದ ಕೈಗೆ ಸಿಕ್ಕ ದಿಶ್ದಾಶಾ ಎಳೆದುಕೊಂಡು ಬಂದಿದ್ದಾರೆ. ಇಕಾಮಾದ ಚಿಂತೆ ಆಗ ಎಲ್ಲಿತ್ತೋ!

ಬೈಯಲು ಸಮಯವಿರಲಿಲ್ಲ, ಆದರೂ ಬೈಯುತ್ತಲೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಲಗಿಸಿದೆ. ಅಷ್ಟರಲ್ಲಿ ಭಾವಮೈದುನ ಫೋನು ಕಿವಿಗೆ ಹಿಡಿದುಕೊಂಡೇ ಒಳಗೆ ನುಗ್ಗಿದ.

"ಡಾಕ್ಟ್ರೇ, ಭಾವನದ್ದು ಆಮೇಲೆ ನೋಡಿ. ಮೊದಲು ಆ ಅಂಗಿ ಬಿಚ್ಚಿ ಕೊಡಿ. ಅದರ ಯಜಮಾನರು ಲಾಂಡ್ರಿಯಲ್ಲಿ ಬನಿಯನ್ನಿನಲ್ಲಿ ನಿಂತಿದ್ದಾರಂತೆ!"

ಕಾದದ್ದು

ಉಂಗುರವನ್ನು ಸೀಳಿ ಬಿಡಿಸಿದಾಗ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಅಡಗಿದ್ದ ಜಾಗದಲ್ಲಿ ಒಂದು ಕೆಂಪು ಹುಣ್ಣು ಕಂಡಿತು. ನನಗೆ ಅದು ಹಿಡಿಸಲಿಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಆ ದಿನಗಳಲ್ಲಿ ನನ್ನ ಸಿಟ್ಟು ಅವರ ಮೇಲಿರಲಿಲ್ಲ. ನನ್ನ ಶಾಲೆ ನೆನಪಾಗುತ್ತಿತ್ತು. ಟೈ ಕಟ್ಟಿ, ಬೂಟು ಹೊಳೆಸಿ, ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದ ಶಾಲೆ. ಜೀವಶಾಸ್ತ್ರದ ಮೇಷ್ಟರು ಕಪ್ಪೆಯ ಒಂದೊಂದು ನರವನ್ನೂ ಬಾಯಿಪಾಠ ಮಾಡಿಸಿದರು. ಮನುಷ್ಯನ ಜನನಾಂಗದ ಪಾಠ ಬಂದಾಗ, "ಇದನ್ನು ಮನೆಯಲ್ಲಿ ನೀವೇ ಓದಿಕೊಳ್ಳಿ," ಎಂದು ಪುಸ್ತಕ ಮುಚ್ಚಿದರು. ಮನೆಯಲ್ಲಿ ಆ ಪುಟ ತೆರೆದರೆ ಏಟು. ಹೀಗೆ ಬೆಳೆದ ನಾವು ಕಪ್ಪೆಗೆ ಕಾಯಿಲೆ ಬಂದರೆ ಗುರುತು ಹಿಡಿದೇವು. ನಮ್ಮದು ನಮಗೆ 'ಅದು', 'ಅಲ್ಲಿ'. ಇಂಗ್ಲಿಷಿನಲ್ಲಿ ಓದಿದರೂ ಅಷ್ಟೇ, ಕನ್ನಡದಲ್ಲಿ ಓದಿದರೂ ಅಷ್ಟೇ. ಇದಕ್ಕೆ ಮಾನ ಎಂದು ಹೆಸರು ಬೇರೆ!

ರಿಪೋರ್ಟು ಬಂತು. ಇಬ್ಬರನ್ನೂ ಕರೆಸಿದೆ. "ಕ್ಯಾನ್ಸರ್ ಇಲ್ಲ. ಹಳೆಯ ಉರಿಯೂತದ ಹುಣ್ಣು. ಬದುಕಿಕೊಂಡಿರಿ."

ಮ್ಯಾನೇಜರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಮೂಗೊರೆಸಿಕೊಂಡರು. ಕರವಸ್ತ್ರ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಕೇಳಿದರು: "ಹಾಗಾದರೆ ಇನ್ನು ಪೂರ್ತಿ ತೆಗೆಸುವುದು ಬೇಡ ಅಲ್ವಾ?"

ನಾನು ಎದ್ದು ನಿಂತೆ. ಕೈಯಲ್ಲಿ ಏನಿತ್ತೋ ನನಗೇ ಗೊತ್ತಿಲ್ಲ. ಭಾವಮೈದುನ ನಡುವೆ ಹಾರಿ ಅಡ್ಡ ನಿಂತ.

"ಹೊಡೀಬೇಡಿ ಡಾಕ್ಟ್ರೇ! ಮಲಗ್ತಾರೆ. ನೀವು ಹೇಳಿದ ದಿನ ಮಲಗ್ತಾರೆ. ಬೇಕಾದರೆ ಧೈರ್ಯಕ್ಕೆ ನಾನೂ ಪಕ್ಕದಲ್ಲಿ ಇನ್ನೊಮ್ಮೆ ಮಲಗ್ತೇನೆ!"

ಸ್ಪೀಕರ್ ಫೋನ್

ಗಾಯದ ಬಾವು ಇಳಿದ ಮೇಲೆ ದಿನ ಗೊತ್ತುಮಾಡಿದೆ. ಮೇಜಿನ ಮೇಲೆ ಮಲಗಿಸುವ ಮೊದಲು ಕೇಳಿದೆ: "ಹೆಂಡತಿಗೆ ಹೇಳಿದಿರಾ?"

"ಹೇಳಿದ್ದೇನೆ ಡಾಕ್ಟ್ರೇ. ಇವತ್ತು ಆಪರೇಷನ್ ಅಂತ ಹೇಳಿದ್ದೇನೆ."

ನಂಬಿದೆ.

ಇಂಜೆಕ್ಷನ್ ಕೊಟ್ಟು, ಅದು ಹಿಡಿಯಲೆಂದು ಕಾಯುತ್ತಿದ್ದೆ. ನಾನು ಗ್ಲೌಸ್ ತೊಟ್ಟು ಎರಡೂ ಕೈ ಎದೆಯ ಮುಂದೆ ಹಿಡಿದು ನಿಂತಿದ್ದೇನೆ. ರೋಗಿಯ ಕೈಗಳು ಹಸಿರು ಬಟ್ಟೆಯ ಕೆಳಗಿವೆ. ಆಗ ಅವರ ಬಟ್ಟೆಯ ಚೀಲದಲ್ಲಿ ಫೋನು ಬಡಿದುಕೊಂಡಿತು. ನನ್ನ ಥಿಯೇಟರಿನಲ್ಲಿ ಫೋನು ಕೂಡದು. ನಿಲ್ಲಿಸಲೆಂದು ಹೋದ ನಮ್ಮ ಮಲಯಾಳಿ ಬ್ರದರ್ ನರ್ಸು ಯಾವ ಬಟನ್ ಒತ್ತಿದನೋ, ಕೋಣೆ ತುಂಬ ಹೆಂಗಸಿನ ದನಿ ಮೊಳಗಿತು.

"ಹಲೋ! ಆಯ್ತಾ? ಮಾತಾಡ್ಲಿಕ್ಕೆ ಆಗ್ತದಾ?"

"ಮೇಡಂ, ಸಾರ್ ಟೇಬಲ್ ಮೇಲೆ. ಡಾಕ್ಟರ್ ಇದಾರೆ," ಎಂದ ಬ್ರದರ್.

"ಓ, ಡಾಕ್ಟ್ರೇ, ನಮಸ್ಕಾರ. ಇವರ ಹೆಂಡತಿ ನಾನು. ಶುರು ಮಾಡಿದಿರಾ?"

"ಇನ್ನೇನು ಮಾಡಬೇಕು. ಎಲ್ಲ ತಿಳಿಸಿದ್ದಾರಲ್ಲ?"

"ಹೇಳಿದ್ದಾರೆ. ಒಂದು ಮಾತು ಡಾಕ್ಟ್ರೇ. ಅದು ಎಷ್ಟೋ ವರ್ಷದಿಂದ ಹಾಳಾಗಿ ಉಂಟಂತೆ. ತುದಿ ಮಾತ್ರ ತೆಗೆದು ಬಿಡಬೇಡಿ. ಬುಡಸಮೇತ ಕಿತ್ತು ಬಿಡಿ."

ನಾನು ಗ್ಲೌಸ್ ತೊಟ್ಟ ಕೈಗಳನ್ನು ಇನ್ನೂ ಮೇಲಕ್ಕೆತ್ತಿ ಫೋನಿನ ಕಡೆ ತಿರುಗಿದೆ. ಮೇಜಿನ ಮೇಲಿದ್ದವರು, "ಬೊಡ್ಚಿ! ಬೊಡ್ಚಿ!" ಎಂದು ತುಳುವಿನಲ್ಲಿ ಬೇಡ ಬೇಡವೆಂದು ಕಿರುಚಿದರು.

"ಅವರು ಹಾಗೇ ಹೆದರ್ತಾರೆ, ನೀವು ಕೇಳಬೇಡಿ ಡಾಕ್ಟ್ರೇ. ನನ್ನ ಅಪ್ಪನದ್ದು ಹೀಗೇ ಅರ್ಧ ಬಿಟ್ಟು, ಮತ್ತೆ ಕೀವಾಗಿ ಎಷ್ಟು ಕಷ್ಟ ಆಯ್ತು! ಹೋದರೆ ಹೋಗಲಿ. ಈಗ ಪಿಂಗಾಣಿಯದ್ದು ಕೂರಿಸ್ತಾರಂತಲ್ಲ, ಒರಿಜಿನಲ್ ಹಾಗೇ ಕಾಣ್ತದಂತೆ."

ಬ್ರದರ್ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಕುಣಿಯುತ್ತಿತ್ತು.

"ನೋಡಿಮ್ಮಾ," ಎಂದೆ, "ನೀವು ಯಾವುದರ ಮಾತಾಡುತ್ತಿದ್ದೀರಿ?"

"ದವಡೆ ಹಲ್ಲಿನದ್ದು! ಮತ್ತೆ ಎಂತದ್ದು?"

ಮೇಜಿನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ನಾನು ಸುಳ್ಳು ಹೇಳುವವನಲ್ಲ. ರೋಗಿಯ ಗುಟ್ಟು ಬಿಚ್ಚುವ ಹಕ್ಕೂ ನನಗಿಲ್ಲ. ಹಲ್ಲು ಕಚ್ಚಿ, "ನೀವೇ ಹೇಳಿ," ಎಂದೆ. "ಹೇಳುವವರೆಗೆ ನಾನು ಕತ್ತರಿ ಮುಟ್ಟುವುದಿಲ್ಲ."

ಹೇಳಿದರು. ತುಳುವಿನಲ್ಲಿ, ತಡವರಿಸುತ್ತ, ಬೆವರುತ್ತ. ನಾನು ಮೈಸೂರಿನವನು, ನನಗೆ ತುಳು ಬರುವುದಿಲ್ಲ. ಆದರೂ ಚಾವಡಿ ಎಂಬ ಮಾತು ಬಂದದ್ದು, ಆಗ ಅವರ ದನಿ ಒಡೆದದ್ದು ಗೊತ್ತಾಯಿತು. ಮುಗಿದ ಮೇಲೆ ಆ ಕಡೆಯಿಂದ ಮೂಗು ಸೊರಗುಟ್ಟಿದ ಸದ್ದು.

"ಡಾಕ್ಟ್ರೇ, ಇದು ನಿಜವಾ? ಅಲ್ಲಿ ಬೇರೆ ಯಾರೂ ಇಲ್ವಾ?"

"ಈ ಸ್ಥಿತಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ ತಾಯಿ. ಬೇಕಾದರೆ ಸರ್ಟಿಫಿಕೇಟ್ ಬರೆದುಕೊಡುತ್ತೇನೆ."

"ಬೇಡ. ಚೆನ್ನಾಗಿ ಮಾಡಿ ಕಳಿಸಿಕೊಡಿ. ಹಾಗಾದರೆ ಹಲ್ಲಿಗೆ ಎಂತದೂ ಆಗಲಿಲ್ವಾ?"

"ಇಲ್ಲ. ಎಲ್ಲ ಗಟ್ಟಿಯಾಗಿವೆ."

"ಹಾಗೇ ಇರಲಿ ಡಾಕ್ಟ್ರೇ, ನೀವು ಮುಟ್ಟಬೇಡಿ. ಊರಿಗೆ ಬರಲಿ, ಅದನ್ನು ನಾನೇ ಉದುರಿಸ್ತೇನೆ."